ಬಟ್ಟೆ ಮಲಗುವ ದಿನ

ಮಾಮೂಲಿ ಬನಿಯನ್ ಬಟ್ಟೆ ಒಂದಿಡೀ ಥಾನು ಬರುವ ದುಡ್ಡಿಗೆ ಈಜುಡುಪಿನ ಬಟ್ಟೆ ನಾಲ್ಕು ಮೀಟರ್ ಬಂದರೆ ಪುಣ್ಯ. ನೀರು ಅಂಟದ ಹಾಗೆ ಲೇಪ ಹಾಕಿದ್ದು ಬೇಕೆಂದರೆ ಮೂರೇ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಬರುವ ಒಂದು ಉಡುಪಿಗೆ ಒಂದೂಕಾಲು ಮೀಟರ್ ಹಿಡಿಯುತ್ತದೆ. ಅದರ ಮೇಲೆ ಅಂಚಿನ ಎಲಾಸ್ಟಿಕ್ಕು, ಎಳೆದರೂ ತುಂಡಾಗದ ದಾರ, ಹೊಲಿಗೆ ಚರ್ಮಕ್ಕೆ ಉಜ್ಜದ ಹಾಗೆ ಒಳಗಡೆ ಅಂಟಿಸುವ ಪಟ್ಟಿ. ಇಷ್ಟೂ ಬಿಲ್ಲಿಗೆ ಬರುತ್ತದೆ. ಬಿಲ್ಲಿಗೆ ಬಾರದ ಖರ್ಚು ಒಂದಿದೆ, ಅದು ಒಂದು ದಿನ.

ಆ ಬಟ್ಟೆಯ ಒಳಗೆ ರಬ್ಬರಿನಂಥ ನೂಲು ಇರುತ್ತದೆ. ಗಿರಣಿಯವರು ಅದನ್ನು ಎಳೆದೆಳೆದು ಸುರುಳಿ ಸುತ್ತಿ ಕಳಿಸುತ್ತಾರೆ. ಬಿಚ್ಚಿದ ಕೂಡಲೇ ಕತ್ತರಿ ಹಾಕಿದಿರೋ, ಕೆಟ್ಟಿತು. ಎಳೆದ ಉದ್ದವನ್ನೇ ಅದು ತನ್ನ ಉದ್ದ ಅಂತ ತೋರಿಸಿ ಕತ್ತರಿಸಿಕೊಳ್ಳುತ್ತದೆ. ಹೊಲಿದು, ಪಟ್ಟಿ ಅಂಟಿಸಿ, ಚೀಲಕ್ಕೆ ಹಾಕಿದ ಮೇಲೆ ಮೆಲ್ಲಗೆ ತನ್ನ ನಿಜವಾದ ಉದ್ದಕ್ಕೆ ಇಳಿಯುತ್ತದೆ. ಆಮೇಲೆ ತೊಟ್ಟವರ ಪಾಡು ಕೇಳಬಾರದು. ಅದಕ್ಕೇ ಮೇಜಿನ ಮೇಲೆ ಸಡಿಲವಾಗಿ ಹರಡಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಆ ಕಾರ್ಖಾನೆಯಲ್ಲಿ ಇದಕ್ಕೆ 'ಬಟ್ಟೆ ಮಲಗಿದೆ' ಅನ್ನುತ್ತಿದ್ದರು. ಮಲಗಿದ ಬಟ್ಟೆಯ ಪಕ್ಕ ಯಾರೂ ಚಹಾ ಲೋಟ ಇಡುತ್ತಿರಲಿಲ್ಲ, ಮೇಜಿಗೆ ಮೊಣಕೈ ಊರುತ್ತಿರಲಿಲ್ಲ.

"ಬಟ್ಟೆಗೂ ರಜ ಕೊಡೋ ಕಾರ್ಖಾನೆ ಅಂದ್ರೆ ನಮ್ಮದೊಂದೇ," ಎಂದು ಯಜಮಾನರು ಗೊಣಗುತ್ತಿದ್ದರು. "ಬಾಡಿಗೆ ಮಲಗಲ್ಲ, ಕರೆಂಟ್ ಬಿಲ್ಲು ಮಲಗಲ್ಲ, ಇದೊಂದು ಮಾತ್ರ ಗೊರಕೆ ಹೊಡೀತಾ ಇರತ್ತೆ."

"ಎಬ್ಬಿಸಿ ಕತ್ತರಿಸೋರನ್ನ ಬೇರೆ ಹುಡುಕ್ಕೊಳ್ಳಿ," ಅನ್ನುತ್ತಿದ್ದಳು ಕತ್ತರಿ ಅಕ್ಕ. ಅಷ್ಟಕ್ಕೆ ಆ ಜಗಳ ಮುಗಿಯುತ್ತಿತ್ತು. ವಾರಕ್ಕೊಂದು ಸಲ ಆಗುವ ಜಗಳವಾದ್ದರಿಂದ ಇಬ್ಬರಿಗೂ ಅದು ಬಾಯಿಪಾಠವಾಗಿತ್ತು.

ಕತ್ತರಿ ಅಕ್ಕನಿಗೆ ಆ ಹೆಸರು ಬಂದಿದ್ದು ಕೆಲಸದಿಂದ, ಉಳಿದುಕೊಂಡಿದ್ದು ನಾಲಿಗೆಯಿಂದ. ಕತ್ತರಿ ಹಾಕುವ ಮೇಜಿಗೆ ಅವಳೇ ಒಡತಿ. ಓಟಗಾರರ ಬಿಗಿ ಚಡ್ಡಿ, ಸೈಕಲ್ಲಿನವರ ಅಂಗಿ, ಈಜುಡುಪು ಯಾವುದೇ ಬರಲಿ, ಮೊದಲ ಗೆರೆ ಅವಳದ್ದೇ. ಅವಳ ಎದುರಿನ ಓವರ್‌ಲಾಕ್ ಮಿಷನ್ನಿನಲ್ಲಿ ಕೂರುವವಳನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು. ಯಾರಿಗೂ ಅವಳು ಚಿಕ್ಕಮ್ಮನಲ್ಲ. ಎಲ್ಲರ ಮನೆಯ ವಿಷಯಕ್ಕೂ ತಲೆ ಹಾಕುತ್ತಿದ್ದಳು, ಹಾಗಾಗಿ ಆ ಸ್ಥಾನ ತಾನಾಗಿ ಸಿಕ್ಕಿತ್ತು.

ಈಜುಕೊಳದ ಹತ್ತಿರ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಗಿರಾಕಿಯೊಬ್ಬ ಆವತ್ತು ಬೆಳಿಗ್ಗೆ ಬಂದ. ಅಂಗಡಿ ಹಿಡಿದು ಅವನಿಗೆ ಎರಡು ಮೂರು ವರ್ಷವಾಗಿರಬಹುದು, ಊರಿನ ಹಳೇ ಕತೆಗಳು ಗೊತ್ತಿರಲಿಲ್ಲ. ಚೀಲದಿಂದ ಒಂದು ಹಳೆಯ ಈಜುಡುಪು ತೆಗೆದು ಮೇಜಿನ ಮೇಲಿಟ್ಟ.

"ಒಂದೇ ಪೀಸು ಅಕ್ಕ. ಸಮುದ್ರದಲ್ಲಿ ಈಜೋರು, ಹೆಂಗಸು. ಈ ದಡದಿಂದ ಆ ದಡಕ್ಕೆ ಹೋಗ್ತಾರಂತೆ. ಹತ್ತು ಹನ್ನೆರಡು ಗಂಟೆ ನೀರಲ್ಲೇ ಇರಬೇಕು. ನಿಮ್ಮಲ್ಲೇ ಹೊಲಿಸಬೇಕು ಅಂತ ಹಠ. ಅಳತೆ ಫೋನಲ್ಲಿ ಹೇಳಿದಾರೆ. ಮಾದರಿಗೆ ಅಂತ ಇದನ್ನ ಕಳಿಸಿದಾರೆ."

ಕತ್ತರಿ ಅಕ್ಕ ಉಡುಪನ್ನು ಕೈಗೆತ್ತಿಕೊಂಡಳು. ಎಳೆದು ನೋಡಿದಳು. ಎಳೆದಲ್ಲೇ ಉಳಿಯಿತು, ವಾಪಸ್ ಬರಲಿಲ್ಲ. ಒಳಗಿನ ನೂಲು ಸತ್ತು ವರ್ಷಗಳಾಗಿದ್ದವು. ಅಭ್ಯಾಸದಂತೆ ಒಳಮೈ ಹೊರಗೆ ಮಾಡಿದಳು. ಬೆನ್ನಿನ ಹತ್ತಿರ ಒಂದು ತೇಪೆ ಇತ್ತು. ಕಪ್ಪು ಬಟ್ಟೆ, ಕಪ್ಪು ತೇಪೆ, ದಾರ ಮಾತ್ರ ಹಳದಿ.

ಅವಳ ಕೈ ಅಲ್ಲೇ ನಿಂತಿತು.

ಆ ಹಳದಿ ದಾರವನ್ನು ಸೂಜಿಗೆ ಪೋಣಿಸಿದ್ದು ಅವಳೇ. ಆವತ್ತು ಕಪ್ಪು ದಾರ ಮುಗಿದುಹೋಗಿತ್ತು, ಬೆಳಗಾದರೆ ಸ್ಪರ್ಧೆ. "ಜಿರಾಫೆ ತರ ಕಾಣತ್ತೆ ಕಣೇ," ಎಂದು ತಂಗಿ ಮುಖ ಊದಿಸಿಕೊಂಡಿದ್ದಳು. "ಒಳಗಡೆ ತಾನೇ, ಯಾರು ನೋಡ್ತಾರೆ? ನಾಳಿದ್ದು ಬಿಚ್ಚಿ ಕಪ್ಪು ಹಾಕಿಕೊಡ್ತೀನಿ ಬಿಡು," ಅಂದಿದ್ದಳು ಅಕ್ಕ. ಆ ನಾಳಿದ್ದು ಬರಲೇ ಇಲ್ಲ.

"ಟ್ರಯಲ್‌ಗೆ ಬರ್ತಾರಾ?" ಧ್ವನಿ ಮಾಮೂಲಾಗಿ ಬರಲಿ ಅಂತ ಅವಳು ಅಳತೆ ಟೇಪನ್ನು ಸುತ್ತುತ್ತ ಕೇಳಿದಳು.

"ದೂರದ ಊರು. ಕೊರಿಯರ್ ಮಾಡಿ ಅಂದ್ರು. ಸರಿ ಇದ್ರೆ ಅಲ್ಲೇ ಹಾಕ್ಕೋತಾರೆ. ಬಿಗಿಯೋ ಸಡಿಲವೋ ಆದ್ರೆ ತಾವೇ ಬಂದು ಸರಿ ಮಾಡಿಸ್ಕೋತಾರಂತೆ."

ಅಂಗಡಿಯವನು ಹೋದ. ಚಿಕ್ಕಮ್ಮ ಮಿಷನ್ ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಉಡುಪನ್ನೊಮ್ಮೆ ಅಕ್ಕನನ್ನೊಮ್ಮೆ ನೋಡಿದಳು.

"ಮೀನುದ್ದಲ್ವಾ?"

ಅಕ್ಕ ಉಡುಪನ್ನು ಮಡಿಸತೊಡಗಿದಳು.

ಮೀನು ಅಂದರೆ ತಂಗಿ. ತಾಯಿ ತೀರಿಕೊಂಡಾಗ ಅವಳಿಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತು ದಾಟಿತ್ತು. ಅಪ್ಪ ಎಂಬುವರು ಅದಕ್ಕೂ ಮೊದಲೇ ಲೆಕ್ಕದಲ್ಲಿ ಇರಲಿಲ್ಲ. ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಕೆಲಸಕ್ಕಿದ್ದಳು. ಮಗುವನ್ನು ಸಂಜೆಯವರೆಗೆ ಎಲ್ಲಿ ಬಿಡುವುದೆಂದು ತಿಳಿಯದೆ, ದಾರಿಯಲ್ಲೇ ಸಿಗುತ್ತಿದ್ದ ಈಜುಕೊಳಕ್ಕೆ ಸೇರಿಸಿದಳು. ಅಲ್ಲಿ ಕಣ್ಣಿಡುವವರು ಇದ್ದಾರೆ, ಬಿಸಿಲಿಲ್ಲ, ಫೀಸು ಕಡಿಮೆ. ಮಗು ನೀರಿಗಿಳಿದದ್ದೇ ಇಳಿದದ್ದು, ಆಮೇಲೆ ನೆಲದ ಮೇಲೆ ನಡೆಯುವಾಗೆಲ್ಲ ಯಾರದೋ ಮನೆಗೆ ಬಂದವಳ ಹಾಗೆ ಇರುತ್ತಿದ್ದಳು.

ಹನ್ನೆರಡು ತುಂಬಿದಾಗ ಮೊದಲ ದೊಡ್ಡ ಸ್ಪರ್ಧೆಗೆ ಅಕ್ಕ ಅಂಗಡಿಯಿಂದ ಈಜುಡುಪು ಕೊಂಡು ತಂದಳು. ಸಂಜೆ ಹುಡುಗಿ ಮನೆಗೆ ಬಂದಾಗ ಎರಡೂ ಭುಜದ ಮೇಲೆ ಚರ್ಮ ಕಿತ್ತು ಕೆಂಪಾಗಿತ್ತು. ಭುಜದ ಪಟ್ಟಿ ಗಿಡ್ಡ, ಪ್ರತಿ ಸಲ ಕೈ ಎತ್ತಿದಾಗಲೂ ಕಚ್ಚುತ್ತಿತ್ತು. ಹುಡುಗಿ ಅಳಲಿಲ್ಲ, ಬೋರಲು ಮಲಗಿ, "ಅಕ್ಕ, ಬಟ್ಟೆ ನನ್ನನ್ನ ಹಿಂದಕ್ಕೆ ಎಳೀತಾ ಇತ್ತು," ಅಂದಳು ಅಷ್ಟೇ. ಮಾರನೆಯ ವಾರ ಅಕ್ಕ ಸಮವಸ್ತ್ರದ ಕೆಲಸ ಬಿಟ್ಟು ಈ ಕಾರ್ಖಾನೆಗೆ ಬಂದು, ಕಸ ಗುಡಿಸುತ್ತ, ಹಿಗ್ಗುವ ಬಟ್ಟೆಯನ್ನು ಕತ್ತರಿಸುವುದು ಹೇಗೆಂದು ಕಲಿತಳು. ಯಾವ ಕಡೆ ಹೆಚ್ಚು ಹಿಗ್ಗುತ್ತದೆ, ಯಾವ ಕಡೆ ಕಡಿಮೆ, ಮೈಯ ಸುತ್ತ ಯಾವುದು ಬರಬೇಕು, ಉದ್ದಕ್ಕೆ ಯಾವುದು. ಬಟ್ಟೆ ಮಲಗಬೇಕು ಅನ್ನುವುದನ್ನೂ ಆಗಲೇ ಕಲಿತದ್ದು. ಅಲ್ಲಿಂದಾಚೆ ಮೀನು ಅಂಗಡಿಯ ಉಡುಪು ತೊಡಲಿಲ್ಲ.

ಇಪ್ಪತ್ತೆರಡನೇ ವಯಸ್ಸಿಗೆ ತಂಡದ ಆಯ್ಕೆಯಲ್ಲಿ ಮೀನು ಕೂದಲೆಳೆಯ ಅಂತರದಲ್ಲಿ ಸೋತಳು. "ಸಾಕು, ಇನ್ನು ಹೊಟ್ಟೆಪಾಡು ನೋಡು," ಎಂದು ಅಕ್ಕ ಅವಳನ್ನು ತಂದು ಚಿಕ್ಕಮ್ಮನ ಪಕ್ಕದ ಮಿಷನ್ನಿಗೆ ಕೂರಿಸಿದಳು. ಕೆಲವು ವಾರ ಕೂತಳು. ಕೂತಲ್ಲೇ ಬಾಡುತ್ತಿದ್ದಳು, ಅಕ್ಕನಿಗೆ ಕಾಣುತ್ತಿತ್ತು, ಕಂಡರೂ ಕಾಣದ ಹಾಗಿದ್ದಳು. ಒಂದು ದಿನ ಮಧ್ಯಾಹ್ನದ ಚಹಾ ಹೊತ್ತಿಗೆ ಮೀನು ಎದ್ದು ನಿಂತು, ಕಡಲ ಕಡೆಯ ಊರಿನಲ್ಲಿ ದೂರದ ಈಜು ಕಲಿಸುವವರಿದ್ದಾರೆ, ಹೋಗುತ್ತೇನೆ ಅಂದಳು. ಎಲ್ಲರೆದುರು ಅಂದಳು, ಅದೇ ಅಕ್ಕನಿಗೆ ತಡೆಯಲಾಗಲಿಲ್ಲ. "ಹೋಗೋದಾದ್ರೆ ಹೋಗು. ವಾಪಸ್ ಬಂದ್ರೆ ಬಾಗಿಲು ನಾನು ತೆಗೆಯಲ್ಲ," ಅಂದಳು. ಮೀನು ಮಿಷನ್ನಿನಲ್ಲಿ ಅರ್ಧ ಹೊಲಿದ ತೋಳನ್ನು ಹಾಗೇ ಬಿಟ್ಟು ಹೋದಳು.

ಅದಾಗಿ ಎಂಟು ವರ್ಷ. ಆಗೊಮ್ಮೆ ಈಗೊಮ್ಮೆ ಫೋನಿಗೆ 'ಚೆನ್ನಾಗಿದೀನಿ' ಅಂತ ಒಂದು ಸಾಲು ಬರುತ್ತಿತ್ತು. 'ಸರಿ' ಅಂತ ಒಂದು ಪದ ಹೋಗುತ್ತಿತ್ತು. ಆ ಪದ ಬರೆಯುವ ಮೊದಲು ಅಕ್ಕ ಎಷ್ಟು ಸಾಲು ಬರೆದು ಅಳಿಸುತ್ತಿದ್ದಳು ಅನ್ನುವುದು ಅವಳ ಹೆಬ್ಬೆರಳಿಗೆ ಮಾತ್ರ ಗೊತ್ತು.

"ಸತ್ತ ಬಟ್ಟೆನ ಮಾದರಿಗೆ ಅಂತ ಯಾರಾದ್ರೂ ಕಳಿಸ್ತಾರಾ?" ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಚಿಕ್ಕಮ್ಮ ಶುರು ಮಾಡಿದಳು. "ಇದರಲ್ಲಿ ಯಾವ ಅಳತೆ ಉಳಿದಿದೆ? ಮೂರು ಜನ ಒಟ್ಟಿಗೆ ತೊಡಬಹುದು. ಹುಟ್ಟಿದಾಗಿಂದ ನೀರಲ್ಲಿ ಇರೋಳಿಗೆ ಇದು ಗೊತ್ತಿಲ್ವಾ?"

"ಗೊತ್ತಿರತ್ತೆ."

"ಮತ್ತೆ? ನೀನು ನೋಡ್ಲಿ ಅಂತ ಕಳಿಸಿದಾಳೆ. ಒಂದು ಫೋನ್ ಮಾಡು."

"ಅವಳಿಗೆ ಮಾಡಕ್ಕೆ ಏನು ಬೆರಳಿಲ್ವಾ?"

"ಇಬ್ಬರಿಗೂ ಹತ್ತತ್ತು ಬೆರಳಿದೆ, ತಲೆ ಮಾತ್ರ ಒಂದೇ ಮರದ ಕೊರಡು." ಚಿಕ್ಕಮ್ಮ ಡಬ್ಬಿ ಮುಚ್ಚಿದಳು. "ಬಾಗಿಲು ತೆಗೆಯಲ್ಲ ಅಂದೋಳು ನೀನು. ಅವಳು ಕಿಟಕೀಲಿ ಬಟ್ಟೆ ಎಸೆದು ನೋಡ್ತಿದಾಳೆ ಪಾಪ."

ಅಕ್ಕನಿಗೆ ಮಾತ್ರ ಅಂಗಡಿಯವನ ಮಾತೇ ಕಿವಿಯಲ್ಲಿ ಕೂತಿತ್ತು. ಬಿಗಿಯೋ ಸಡಿಲವೋ ಆದರೆ ತಾವೇ ಬರುತ್ತಾರೆ. ಬಂದರೆ ಈ ಮೇಜಿನ ಎದುರು ನಿಲ್ಲಬೇಕು. ತೋಳು ಎತ್ತಬೇಕು, ತಿರುಗಬೇಕು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಭುಜ, ಬೆನ್ನು, ಸೊಂಟ ಮುಟ್ಟಿ ಮುಟ್ಟಿ ನೋಡಬೇಕು. ಬಾಯಲ್ಲಿ ಪಿನ್ನಿದ್ದರೆ ಕ್ಷಮೆ ಕೇಳಬೇಕಾದ ಕಷ್ಟವೂ ಇಲ್ಲ. "ಸ್ವಲ್ಪ ಇಳಿದಿದೀಯ," ಅಂದರೆ ಸಾಕು. ಉಳಿದದ್ದು ಕೈಯೇ ಹೇಳುತ್ತದೆ.

ಸರಿಯಾಗಿ ಕತ್ತರಿಸಿದ ಉಡುಪು ಮಾತ್ರ ಯಾವತ್ತೂ ವಾಪಸ್ ಬರುವುದಿಲ್ಲ. ಅವಳು ಕತ್ತರಿಸಿದ್ದು ಯಾವುದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಬಂದು ಲೇಪದ ಬಟ್ಟೆಯ ಸುರುಳಿ ಬಿಚ್ಚಿದಳು. ಮೇಜಿನ ಮೇಲೆ ಹರಡಿದಳು. ಯಾವಾಗಲೂ ಮಾಡುವಂತೆ ಸೀಮೆಸುಣ್ಣದಲ್ಲಿ ಒಂದು ಮೊಳದ ಗೆರೆ ಎಳೆದಳು. ಮರುದಿನ ಆ ಗೆರೆ ಹೆಬ್ಬೆರಳಗಲ ಕುಗ್ಗಿದ್ದರೆ ಬಟ್ಟೆ ಎದ್ದಿದೆ ಅಂತ ಲೆಕ್ಕ. ಗೆರೆ ಎಳೆದವಳು ಸುಮ್ಮನೆ ನೋಡುತ್ತ ನಿಂತಳು. ಆಮೇಲೆ ಕಾಗದದ ಮಾದರಿಗಳನ್ನು ಇಟ್ಟು, ಸುತ್ತ ಗುರುತು ಹಾಕಿ, ಕತ್ತರಿ ಎತ್ತಿಕೊಂಡಳು.

ಚಿಕ್ಕಮ್ಮ ಒಳಗೆ ಬರುವ ಹೊತ್ತಿಗೆ ತುಂಡುಗಳೆಲ್ಲ ಬಿದ್ದಿದ್ದವು.

"ಇದು ಯಾವಾಗ ಬಿಚ್ಚಿದ್ದು?"

"ಈಗ."

"ಮಲಗ್ಲಿಲ್ವಾ?"

"ಅರ್ಜೆಂಟು."

ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೇರೆ ದಿನವಾಗಿದ್ದರೆ ಹತ್ತು ಮಾತಾಡುತ್ತಿದ್ದಳು. ಆವತ್ತು ತುಂಡುಗಳನ್ನು ಎತ್ತಿಕೊಂಡು ಹೋಗಿ ಬಾಯಿ ಮುಚ್ಚಿ ಹೊಲಿದುಕೊಟ್ಟಳು. ಅಕ್ಕ ಪಟ್ಟಿಗಳನ್ನು ಬಿಸಿ ಮಾಡಿ ಅಂಟಿಸಿದಳು. ಸಂಜೆ ಉಡುಪನ್ನು ಹ್ಯಾಂಗರಿಗೆ ಹಾಕಿ ಮನೆಗೆ ಹೋದಳು. ಮನೆಯಲ್ಲಿ ಎರಡನೇ ಮಂಚದ ಮೇಲೆ ಪೇರಿಸಿಟ್ಟಿದ್ದ ಹಳೇ ಬಟ್ಟೆ, ಮುರಿದ ಫ್ಯಾನು, ಖಾಲಿ ಡಬ್ಬಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದಳು. ಹಾಸಿಗೆಗೆ ಒಗೆದ ಹೊದಿಕೆ ಹಾಸಿದಳು. ಹಾಸಿ, ಸುಕ್ಕು ತೆಗೆದು, ಯಾರಾದರೂ ನೋಡಿದರೇನೋ ಅನ್ನುವ ಹಾಗೆ ಬಾಗಿಲ ಕಡೆ ತಿರುಗಿದಳು.

ಮಾರನೆಯ ದಿನ ಉಡುಪು ಇಳಿದಿತ್ತು. ನೋಡುವ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಹೊಸದು, ಹೊಳೆಯುತ್ತಿತ್ತು. ಟೇಪು ಹಿಡಿದರೆ ಭುಜದಿಂದ ತೊಡೆಸಂದಿನವರೆಗೆ ಎರಡು ಬೆರಳು ಕಡಿಮೆ. ಅವಳು ಬಯಸಿದ್ದೂ ಅದನ್ನೇ. ತೊಡುವಾಗಲೇ ಬಿಗಿ ಅನಿಸುತ್ತದೆ, ವಾಪಸ್ ಬರುತ್ತಾಳೆ.

ಮಡಿಸಿ ಚೀಲಕ್ಕೆ ಹಾಕುವ ಮೊದಲು, ಯಾಕೆ ಅಂತ ಅವಳಿಗೇ ಗೊತ್ತಿಲ್ಲ, ತೋಳಿನ ಕಂಡಿಯಲ್ಲಿ ತನ್ನ ಕೈ ತೂರಿಸಿ ಭುಜದ ಮೇಲಕ್ಕೆ ಎಳೆದುಕೊಂಡಳು. ಕೈ ಎತ್ತಿದಳು, ಇಳಿಸಿದಳು. ನೀರನ್ನು ಹಿಂದಕ್ಕೆ ತಳ್ಳುವವಳ ಹಾಗೆ ಮತ್ತೆ ಎತ್ತಿದಳು. ನಾಲ್ಕನೆಯದಕ್ಕೋ ಐದನೆಯದಕ್ಕೋ ಅಂಚು ಕಚ್ಚತೊಡಗಿತು.

ಮೀನು ವಾಪಸ್ ಬರದೇ ಹೋದರೆ?

ಇಲ್ಲಿಯವರೆಗೆ ಹೊಳೆಯದ ಮಾತು ಇದು. ಬಿಗಿ ಅನಿಸಿದರೂ, 'ಅಕ್ಕ ಕತ್ತರಿಸಿದ್ದು, ಸರಿಯಾಗೇ ಇರತ್ತೆ, ನಾನೇ ದಪ್ಪ ಆಗಿರಬೇಕು' ಅಂದುಕೊಂಡು ತೊಟ್ಟು ನೀರಿಗೆ ಇಳಿದರೆ? ಇಳಿಯುವವಳೇ ಅವಳು. ಬೋರಲು ಮಲಗಿದ್ದ ಆ ಹನ್ನೆರಡು ವರ್ಷದ ಹುಡುಗಿಯೂ ಸ್ಪರ್ಧೆ ಮುಗಿಯುವವರೆಗೆ ಬಾಯಿ ಬಿಟ್ಟಿರಲಿಲ್ಲ. ಹತ್ತು ಹನ್ನೆರಡು ಗಂಟೆ, ಉಪ್ಪು ನೀರು. ನಡುನೀರಿನಲ್ಲಿ ಬಿಚ್ಚಿ ಎಸೆಯುವಂತಿಲ್ಲ, ನಿಲ್ಲುವಂತಿಲ್ಲ.

ಅಕ್ಕ ಕೈ ಹೊರಗೆ ತೆಗೆದು, ಉಡುಪನ್ನು ಮತ್ತೆ ಹ್ಯಾಂಗರಿಗೆ ಹಾಕಿದಳು. ಅಂಗಡಿಯವನು ಬಂದಾಗ, "ನಾಳಿದ್ದು ಬನ್ನಿ," ಅಂದಳು.

"ಆಗಿದೆ ಅಂತ ಹೇಳಿದ್ರಲ್ಲ ಅಕ್ಕ? ಅಲ್ಲಿ ನೇತಾಡ್ತಿದೆಯಲ್ಲ?"

"ಅದು ಕೆಟ್ಟಿದೆ."

ಯಜಮಾನರು ತಮ್ಮ ಕುರ್ಚಿಯಿಂದ ಎದ್ದು ಬಂದರು. "ನೀನು ಕತ್ತರಿಸಿದ್ದು ಕೆಟ್ಟಿದ್ಯಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಮಲಗಿಸದೆ ಕತ್ತರಿಸಿದೆ."

"ಯಾಕೆ?"

ಅವಳು ಟೇಪು ಸುತ್ತಿದಳು. ಚಿಕ್ಕಮ್ಮ ಮಿಷನ್ನಿನ ಹಿಂದಿನಿಂದ, "ವಯಸ್ಸಾಯ್ತು ಯಜಮಾನ್ರೆ, ಕನ್ನಡಕ ಕೊಡಿಸಿ ಅಂತ ಎಷ್ಟು ಸಲ ಹೇಳೋದು," ಎಂದು ಮಧ್ಯೆ ಬಂದಳು.

"ಬಟ್ಟೆ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ," ಅಂದಳು ಅಕ್ಕ. ಯಜಮಾನರು ಅವಳ ಮುಖ ನೋಡಿ ಕುರ್ಚಿಗೆ ವಾಪಸ್ ಹೋದರು.

ಸುರುಳಿಯಿಂದ ಮತ್ತೆ ಒಂದೂಕಾಲು ಮೀಟರ್ ಬಿಚ್ಚಿದಳು. ಗೆರೆ ಎಳೆದಳು. ಆ ದಿನ ಬೇರೆ ಕೆಲಸ ಮಾಡುತ್ತಲೇ ಆ ಮೇಜಿನ ಮೇಲೆ ಕಣ್ಣಿಟ್ಟಿದ್ದಳು. ಕರಿ ಬಟ್ಟೆ ನಿಂತ ನೀರಿನ ಹಾಗೆ ಹರಡಿಕೊಂಡಿತ್ತು. ಅದು ಕುಗ್ಗುವುದು ಕಣ್ಣಿಗೆ ಕಾಣುವುದಿಲ್ಲ. ಆದರೂ ಒಳಗೆ ಒಂದೊಂದು ನೂಲೂ ತಾನು ಹೊರಟ ಜಾಗಕ್ಕೆ ಮರಳುತ್ತಿರುತ್ತದೆ, ಯಾರೂ ಎಳೆಯದಿದ್ದರೆ ಸಾಕು. ಮರುದಿನ ಬೆಳಿಗ್ಗೆ ಗೆರೆ ಹೆಬ್ಬೆರಳಗಲ ಕುಗ್ಗಿತ್ತು. ಕತ್ತರಿಸಿದಳು. ಮೀನು ಎಡಗಡೆ ತಿರುಗಿ ಉಸಿರು ತೆಗೆದುಕೊಳ್ಳುವವಳು, ಆ ಬದಿಯ ಕುತ್ತಿಗೆ ಉಜ್ಜುತ್ತದೆ. ಫೋನಿನ ಅಳತೆಯಲ್ಲಿ ಅದಿರಲಿಲ್ಲ, ಅಕ್ಕನ ಕೈಯಲ್ಲಿತ್ತು. ಆ ಬದಿಗೆ ಒಂದು ನೂಲಿನಷ್ಟು ಇಳಿಸಿ ಕತ್ತರಿಸಿದಳು. ಒಳಗೂ ಹೊರಗೂ ಕಪ್ಪು ದಾರವನ್ನೇ ಹಾಕಿಸಿದಳು.

ಉಡುಪು ಹೋಯಿತು. ಅಕ್ಕ ಕಾದಳು. ಸರಿಯಾಗಿ ಕತ್ತರಿಸಿದ್ದೇನೆ ಅಂತ ಗೊತ್ತಿದ್ದೂ, ಕಾರ್ಖಾನೆಯ ಬಾಗಿಲು ಕಿರುಗುಟ್ಟಿದಾಗೆಲ್ಲ ತಲೆ ಎತ್ತುತ್ತಿದ್ದಳು. ಬಂದವರು ದಾರದ ವ್ಯಾಪಾರಿ, ಮಿಷನ್ ರಿಪೇರಿಯವನು, ತಪ್ಪು ವಿಳಾಸದ ಕೊರಿಯರ್.

ತಿಂಗಳ ಮೇಲೆ ಅಂಗಡಿಯವನು ಬಂದ. ಮುಖ ಅರಳಿತ್ತು. "ದಡ ಮುಟ್ಟಿದ್ರಂತೆ ಅಕ್ಕ. ಫೋನ್ ಮಾಡಿದ್ರು. ಮೈಮೇಲೆ ಒಂದು ಗೀರು ಇಲ್ಲವಂತೆ."

"ಟ್ರಯಲ್ ನೋಡ್ಕೊಂಡ್ರಾ, ಇಳಿಯೋ ಮುಂಚೆ?"

"ಎಲ್ಲಿ? ಸಮುದ್ರಕ್ಕೆ ಹೋಗೋ ದಿನಾನೇ ಮೊದಲ ಸಲ ತೊಟ್ಟಿದ್ದಂತೆ. ನಾನೇ ಹೇಳಿದ್ದೆ, ಒಂದು ಸಲ ಹಾಕ್ಕೊಂಡು ನೋಡಿ, ಬಿಗಿ ಆದ್ರೆ ಬನ್ನಿ ಅಂತ. ಅವರು ಒಂದೇ ಪ್ರಶ್ನೆ ಕೇಳಿದ್ರು. ಅಲ್ಲಿ ಇನ್ನೂ ಬಟ್ಟೆ ಮಲಗಿಸ್ತಾರಾ ಅಂತ. ಒಂದು ದಿನ ಪೂರ್ತಿ ಮಲಗಿಸ್ತಾರೆ, ಅದಕ್ಕೇ ತಡ ಆಯ್ತು ಅಂದೆ. ಹಾಗಾದ್ರೆ ನೋಡೋದೇನೂ ಬೇಡ ಬಿಡಿ ಅಂದ್ರು."

ಚಿಕ್ಕಮ್ಮನ ಮಿಷನ್ ನಿಂತಿತು.

"ಹಾಂ, ಮರೆತಿದ್ದೆ," ಅಂಗಡಿಯವನು ಮುಂದುವರಿಸಿದ. "ಆ ಹಳೇ ಸೂಟು ವಾಪಸ್ ಬೇಕಂತೆ. ಎಸೆದುಬಿಟ್ಟಿಲ್ಲ ತಾನೇ?"

ಅಕ್ಕ ಅದನ್ನು ತನ್ನ ಖಾನೆಯಲ್ಲಿ ಮಡಿಸಿಟ್ಟಿದ್ದಳು. ತೆಗೆದಳು. "ತಾಳಿ, ಒಳಗೆ ದಾರ ಬದಲಾಯಿಸಿ ಕೊಡ್ತೀನಿ. ಹಳದಿ ಇದೆ. ಐದು ನಿಮಿಷ."

"ಬೇಡ ಬೇಡ. ಅದನ್ನೇ ಹೇಳಿದ್ರು. ಅಲ್ಲಿ ಯಾರಾದ್ರೂ ದಾರ ಬದಲಾಯಿಸ್ತೀನಿ ಅಂದ್ರೆ ಬಿಡಬೇಡಿ, ಹೇಗಿದ್ಯೋ ಹಾಗೇ ಕಳಿಸಿ ಅಂತ."

ಅಕ್ಕ ಉಡುಪಿನ ಒಳಮೈಯನ್ನು ಒಳಗೆ ಮಾಡಿ, ತೇಪೆಯ ಮೇಲೆ ಒಂದು ಸಲ ಅಂಗೈ ಆಡಿಸಿ, ಕೊಟ್ಟುಬಿಟ್ಟಳು.

ಅವನು ಹೋದ ಮೇಲೆ ಚಿಕ್ಕಮ್ಮ ಎದ್ದು ಬಂದು ಮೇಜಿಗೆ ಒರಗಿ ನಿಂತಳು. ಬಟ್ಟೆ ಮಲಗಿರಲಿಲ್ಲ, ಒರಗಬಹುದಿತ್ತು.

"ಈಗಲಾದ್ರೂ ಫೋನ್ ಮಾಡ್ತೀಯಾ?"

"ಮಾಡ್ತೀನಿ," ಅಂದಳು ಅಕ್ಕ. "ಏನು ಹೇಳಲಿ ಅಂತ ಯೋಚನೆ ಮಾಡ್ತಿದೀನಿ."

ಹೊಸ ಉಡುಪು ಹೋಯಿತು, ಹಳೆಯದೂ ಹೋಯಿತು. ಉಳಿದದ್ದು ಎರಡು ಬೆರಳು ಗಿಡ್ಡವಾದದ್ದು. ಅದು ಯಾರ ಮೈಗೂ ಆಗುವುದಿಲ್ಲ, ಆ ತಿಂಗಳ ಸಂಬಳದಲ್ಲಿ ಅದರ ದುಡ್ಡು ಕಡಿತವಾಗಿತ್ತು. ಅಕ್ಕ ಅದನ್ನು ಮನೆಗೆ ತಂದು ಎರಡನೇ ಮಂಚದ ತಲೆಯ ಕಡೆ ಗೂಟಕ್ಕೆ ನೇತುಹಾಕಿದಳು. ಮೀನು ದಡ ಮುಟ್ಟಿದ್ದಳು, ಅವಳ ಭುಜ ಕೆಂಪಾಗಿರಲಿಲ್ಲ, ಎಂಟು ವರ್ಷವಾದರೂ ಅಕ್ಕನ ಕತ್ತರಿಯನ್ನು ನಂಬಿದ್ದಳು. ಅಷ್ಟು ನಂಬಿದ್ದರಿಂದಲೇ ಬರಲಿಲ್ಲ.